ಒಂದು ಲ್ಯಾಪ್‌ಟಾಪ್, ಎರಡು ಸಂಸಾರ

2017ರಲ್ಲಿ ರಜೆಗೆ ಊರಿಗೆ ಹೋಗುವಾಗ ದುಬೈಯಿಂದ ಅಪ್ಪಯ್ಯನಿಗೊಂದು ಲ್ಯಾಪ್‌ಟಾಪ್ ಒಯ್ದಿದ್ದೆ. ಕುಂದಾಪುರದ ಮನೆಯ ಜಗಲಿಯಲ್ಲಿ ಕುಳಿತು ಅವರು ಅದರಲ್ಲಿ ತಮ್ಮ ಮಾಸ್ತರಿಕೆಯ ಕಾಲದ ನೆನಪುಗಳನ್ನು ನುಡಿಯಲ್ಲಿ ಟೈಪ್ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಕ್ಕ ಅದನ್ನು ಸಿಡ್ನಿಗೆ ಕೊಂಡೊಯ್ದಳು. ಪ್ಯಾರಮಾಟಾದಿಂದ ಪಶ್ಚಿಮಕ್ಕೆ ರೈಲಿನಲ್ಲಿ ಹೋದರೆ ಸಿಗುವ ಟೂಂಗಾಬಿ ಅವಳ ಊರು. ಕಳೆದ ಡಿಸೆಂಬರಿನಲ್ಲಿ ನಾನು ಅಲ್ಲಿಗೆ ಹೋದಾಗ ಭಾವ ಮೊದಲು ತೋರಿಸಿದ್ದೇ ಆ ಲ್ಯಾಪ್‌ಟಾಪನ್ನು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದಿತ್ತು. ಹಳೆಯ ಪ್ರೊಸೆಸರ್ ಆದ್ದರಿಂದ ವಿಂಡೋಸ್ 11 ಅದಕ್ಕೆ ಹತ್ತುವುದಿಲ್ಲ. ಎಸೆಯೋಣವೆಂದರೆ ಅಪ್ಪಯ್ಯನ ಬರಹವೆಲ್ಲ ಅದರೊಳಗೆ.

ಆ ಫೈಲುಗಳದ್ದೇ ಒಂದು ಕತೆ. ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣುತ್ತದೆ. ಅದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕ ನುಡಿಯಲ್ಲೇ ಇದೆ, ಆದರೆ ನುಡಿಗೆ ವಿಂಡೋಸ್ ಬೇಕು. ಇಂಟರ್ನೆಟ್ಟಿಗೆ ಮಾತ್ರ ಹೊಸದಾಗಿ ಭದ್ರತೆ ಸಿಗುವ ವ್ಯವಸ್ಥೆಯೇ ಒಳ್ಳೆಯದು. ಹಾಗಾಗಿ ವಿಂಡೋಸ್ ಇರಲಿ, ಪಕ್ಕದಲ್ಲಿ ಲಿನಕ್ಸ್ ಮಿಂಟ್ ಕೂರಿಸೋಣ ಎಂದೆ. ಆನ್ ಮಾಡಿದಾಗ ಯಾವುದು ಬೇಕೆಂದು ಕಂಪ್ಯೂಟರೇ ಕೇಳುತ್ತದೆ. ಡ್ಯುಯಲ್ ಬೂಟ್ ಎಂದರೆ ಇಷ್ಟೇ.

ಮಿಂಟಿಗೆ ಕನಿಷ್ಠ 20 ಜಿಬಿ ಜಾಗ, 2 ಜಿಬಿ ರ್‍ಯಾಮ್ ಸಾಕು. ಆರಾಮವಾಗಿ ಕೆಲಸ ಮಾಡಲು 100 ಜಿಬಿ ಮತ್ತು 4 ಜಿಬಿ ಇಟ್ಟುಕೊಳ್ಳಿ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲೇ ಸಿ ಡ್ರೈವನ್ನು ಕುಗ್ಗಿಸಿ ಜಾಗ ಬಿಡಿಸಿದೆ. 8 ಜಿಬಿ ಪೆನ್‌ಡ್ರೈವಿಗೆ ರೂಫಸ್‌ನಿಂದ ಮಿಂಟ್ ಬರೆದೆ. ಇಲ್ಲಿಯವರೆಗೆ ಎಲ್ಲ ಸಲೀಸು. ಆಮೇಲೆ ಬುದ್ಧಿವಂತಿಕೆ ತೋರಿಸಲು ಹೋಗಿ ಬಯಾಸಿನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿದೆ. (ಮಿಂಟಿಗೆ ಅದು ಬೇಕಿರಲೇ ಇಲ್ಲ!) ಮತ್ತೆ ವಿಂಡೋಸ್ ತೆರೆಯಲು ಹೋದರೆ ನೀಲಿ ಪರದೆ. 48 ಅಂಕಿಗಳ ಬಿಟ್‌ಲಾಕರ್ ಕೀಲಿ ಕೊಡಿ ಎನ್ನುತ್ತಿದೆ. ಡ್ರೈವಿಗೆ ಗೂಢಲಿಪಿಯ ಬೀಗ ಇತ್ತೆಂಬುದೇ ನಮಗೆ ಗೊತ್ತಿರಲಿಲ್ಲ.

ಅಕ್ಕ ಅಡುಗೆಮನೆಯಿಂದ ಬಂದು ನಿಂತಳು. "ಅಪ್ಪಯ್ಯ ಬರೆದದ್ದೆಲ್ಲ ಹೋಯ್ತಾ ಮಾರಾಯಾ?" ಉತ್ತರ ಹೇಳುವ ಧೈರ್ಯ ನನಗಿರಲಿಲ್ಲ. ಪ್ರತಿ ತೆಗೆದಿಡದೆ ಕೈ ಹಾಕಿದ್ದು ನಾನೇ. ಸೆಟಿಂಗನ್ನು ಮೊದಲಿನಂತೆ ಮಾಡಿದರೆ ಸರಿಹೋಗಬಹುದೆಂಬುದೂ ಆ ಗಾಬರಿಯಲ್ಲಿ ಹೊಳೆಯಲಿಲ್ಲ. ರಾತ್ರಿ ಹನ್ನೊಂದರ ಹೊತ್ತಿಗೆ ನೆನಪಾಯಿತು: ಲ್ಯಾಪ್‌ಟಾಪ್ ಕೊಂಡ ದಿನ ದುಬೈಯ ರೂಮಿನಲ್ಲಿ ಅದನ್ನು ಶುರುಮಾಡಿದ್ದು ನನ್ನ ಈಮೇಲಿನಿಂದ! ಮೊಬೈಲಿನಲ್ಲಿ ಮೈಕ್ರೋಸಾಫ್ಟ್ ಖಾತೆ ತೆರೆದರೆ ಆ ಕೀಲಿ ಅಲ್ಲೇ ಕುಳಿತಿತ್ತು. ಭಾವ ಒಂದೊಂದೇ ಅಂಕಿ ಓದಿದರು, ನಾನು ಒತ್ತಿದೆ.

ಅದಾದ ಮೇಲೆ ಕ್ರಮ ಬದಲಾಯಿತು. ಮೊದಲು ಎಲ್ಲ ಫೈಲುಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ನಕಲಿಸಿದೆವು. ಆಮೇಲೆ ಬಿಟ್‌ಲಾಕರ್ ತೆಗೆದೆವು, ಸೆಕ್ಯೂರ್ ಬೂಟನ್ನು ಮತ್ತೆ ಆನ್ ಮಾಡಿದೆವು. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿದೆವು. ಅದು ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಲಿನಕ್ಸಿನಿಂದ ಆ ಡ್ರೈವಿಗೆ ಬರೆಯಲು ಹೋದರೆ ತೊಂದರೆ. ಕೊನೆಗೆ ಪೆನ್‌ಡ್ರೈವಿನಿಂದ ಬೂಟ್ ಮಾಡಿ 'ವಿಂಡೋಸಿನ ಜೊತೆಗೆ ಸ್ಥಾಪಿಸು' ಎಂಬುದನ್ನು ಆರಿಸಿದೆ. ಅದರ ಪಕ್ಕದಲ್ಲೇ 'ಡಿಸ್ಕ್ ಪೂರ್ತಿ ಅಳಿಸು' ಎಂಬುದೂ ಇರುತ್ತದೆ. ಕನ್ನಡಕ ಹಾಕಿಕೊಂಡು ಓದಿ.

ಮರುದಿನ ರಾತ್ರಿ ಒಂಬತ್ತಕ್ಕೆ ವಿಂಡೋಸ್ ಬೆಳಿಗ್ಗೆ ಹತ್ತು ಗಂಟೆ ತೋರಿಸಿತು. ಲಿನಕ್ಸ್ ಯಂತ್ರದ ಗಡಿಯಾರವನ್ನು ಗ್ರೀನ್‌ವಿಚ್ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ಊರಿನ ಸಮಯ ಎಂದುಕೊಳ್ಳುತ್ತದೆ. ಬೇಸಿಗೆಯ ಸಿಡ್ನಿಯಲ್ಲಿ 11 ಗಂಟೆ ವ್ಯತ್ಯಾಸ. ನಿಮಗೆ ದುಬೈ, ಮಸ್ಕತ್ತಿನಲ್ಲಿ 4, ಕುವೈತ್, ಬಹರೈನ್, ಕತಾರಿನಲ್ಲಿ 3 ಗಂಟೆ ಹಿಂದೆ ಕಾಣುತ್ತದೆ. ಸ್ಥಳೀಯ ಸಮಯವನ್ನೇ ಬಳಸು ಎಂದು ಲಿನಕ್ಸಿಗೆ ಟರ್ಮಿನಲ್‌ನಲ್ಲಿ ಒಂದು ಸಾಲು ಹೇಳಿದರೆ ಸರಿಹೋಗುತ್ತದೆ.

ಕನ್ನಡ ಟೈಪಿಂಗ್ ಬಗ್ಗೆ ಅಕ್ಕನಿಗೆ ಚಿಂತೆಯಿತ್ತು. ನಮ್ಮ ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ, ನುಡಿಯಲ್ಲಿರುವ ಕೀಲಿ ವಿನ್ಯಾಸವೇ ಲಿನಕ್ಸಿನ ಐಬಸ್‌ನಲ್ಲಿ ಕೆಜಿಪಿ ಎಂಬ ಹೆಸರಲ್ಲಿ ಸಿಗುತ್ತದೆ.

ಇಲ್ಲಿ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡವರಿಗೆ ಒಂದು ಮಾತು: ಬಯಾಸಿಗೆ ಪಾಸ್‌ವರ್ಡ್ ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ. ಕಂಪನಿ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಮಾತ್ರ ಈ ಪ್ರಯೋಗ ಬೇಡವೇ ಬೇಡ, ಕೆಲಸಕ್ಕೇ ಕುತ್ತು ಬಂದೀತು.

ಪರಿವರ್ತಕ ಎಲ್ಲವನ್ನೂ ಸರಿಯಾಗಿ ಬದಲಿಸುವುದಿಲ್ಲ, ಅಲ್ಲಲ್ಲಿ ಅರ್ಕಾವತ್ತು ಜಾಗ ತಪ್ಪುತ್ತದೆ. ಅಕ್ಕ ಈಗ ಮಿಂಟಿನಲ್ಲಿ ಕುಳಿತು ಅದನ್ನು ತಿದ್ದುತ್ತಿದ್ದಾಳೆ. ತಿದ್ದಿದ ಪುಟ ನನಗೆ ವಾಟ್ಸಾಪಿನಲ್ಲಿ ಬರುತ್ತದೆ. ಮೊನ್ನೆ ಬಂದದ್ದರಲ್ಲಿ ನಾನು ಮೂರನೇ ಕ್ಲಾಸಿನಲ್ಲಿ ಮಗ್ಗಿ ತಪ್ಪಿ ಪೆಟ್ಟು ತಿಂದ ಸಂಗತಿಯಿತ್ತು. ಆ ಪುಟದಲ್ಲಿ ಒಂದು ತಪ್ಪೂ ಇರಲಿಲ್ಲವಂತೆ.