ವಿಕ್ಟೋರಿಯಾ ರಾಣಿಯ ಕಾಲದ ಶಾಲೆಯ ಮಕ್ಕಳು

ವಿಕ್ಟೋರಿಯಾ ರಾಣಿಯು ಇಂಗ್ಲೆಂಡಿನ ಸಿಂಹಾಸನವನ್ನೇರಿದ್ದು 1837ರಲ್ಲಿ; ತೀರಿಕೊಂಡದ್ದು 1901ರಲ್ಲಿ. ಈ ಅರುವತ್ತನಾಲ್ಕು ವರ್ಷಗಳ ಮಾತೆತ್ತಿದೊಡನೆ ನಮ್ಮಲ್ಲಿ ಬಹುಮಂದಿಗೆ ಉಗಿಬಂಡಿ, ಹಡಗು, ಗಿರಣಿ, ಸೂರ್ಯನು ಮುಳುಗದ ಸಾಮ್ರಾಜ್ಯ ಇವೇ ನೆನಪಿಗೆ ಬರುತ್ತವೆ. ನಮ್ಮನ್ನಾಳಿದವರ ನಾಡಿನಲ್ಲಿ ಮಕ್ಕಳೆಲ್ಲರೂ ಶುಭ್ರವಾದ ಉಡುಪು ತೊಟ್ಟು ದೊಡ್ಡ ದೊಡ್ಡ ವಿದ್ಯಾಮಂದಿರಗಳಲ್ಲಿ ಓದಿದರೆಂದು ನಾವೂ ಬಾಲ್ಯದಲ್ಲಿ ನಂಬಿದ್ದೆವು. ಆ ದೇಶದ ಬಡವರ ಮಕ್ಕಳು ಎಂತಹ ಶಾಲೆಯಲ್ಲಿ ಕುಳಿತಿದ್ದರು, ಅವರ ಓದಿಗೆ ಸರಕಾರವು ಎಷ್ಟು ಬೆಲೆ ಕಟ್ಟಿತ್ತು ಎಂಬುದು ನಮಗೆ ತಿಳಿದದ್ದು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಉಪಾಧ್ಯಾಯವೃತ್ತಿಯನ್ನು ನಡೆಸಿ ನಿವೃತ್ತರಾದ ಬಳಿಕ. ತಿಳಿದಾಗ ನಮ್ಮದೇ ಒಂದು ಹಳೆಯ ತಪ್ಪು ನೆನಪಿಗೆ ಬಂದಿತು. ಅದನ್ನು ಮುಂದೆ ಹೇಳುವೆವು.

ಧನಿಕರ ಮಕ್ಕಳ ಮಾತನ್ನು ಇಲ್ಲಿ ಬೆಳೆಸುವುದಿಲ್ಲ. ಅವರಿಗೆ ಈಟನ್, ಹ್ಯಾರೊ, ರಗ್ಬಿ ಮೊದಲಾದ ಶಾಲೆಗಳಿದ್ದುವು. ನಮ್ಮ ಸಂಸ್ಕೃತ ಪಾಠಶಾಲೆಗಳಲ್ಲಿ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸುವಂತೆಯೇ ಅಲ್ಲಿ ಲ್ಯಾಟಿನ್ ವ್ಯಾಕರಣವನ್ನು ಮಾಡಿಸುತ್ತಿದ್ದರು. ಬೆತ್ತದೇಟಿಗೆ ಅಲ್ಲಿಯೂ ಬರವಿರಲಿಲ್ಲ. ಅವರ ಕಥೆಯನ್ನು ಕಾದಂಬರಿಕಾರರು ಬೇಕಾದಷ್ಟು ಬರೆದಿದ್ದಾರೆ. ನಾವು ಹೇಳಹೊರಟಿರುವುದು ಗಿರಣಿಯಾಳಿನ ಮತ್ತು ಹೊಲದಾಳಿನ ಮಕ್ಕಳ ವಿಚಾರ.

ಹಳ್ಳಿಯ ಶಾಲೆಯೆಂದರೆ ಸಾಮಾನ್ಯವಾಗಿ ಒಂದೇ ದೊಡ್ಡ ಕೊಠಡಿ. ಮಕ್ಕಳು ಹೊರಗೆ ನೋಡಿ ಮನಸ್ಸು ಚದರಿಸಿಕೊಳ್ಳಬಾರದೆಂದು ಕಿಟಕಿಗಳನ್ನು ತಲೆಗಿಂತ ಎತ್ತರದಲ್ಲಿ ಇಟ್ಟಿರುತ್ತಿದ್ದರು. ಒಂದು ಮೂಲೆಯಲ್ಲಿ ಕಲ್ಲಿದ್ದಲಿನ ಅಗ್ಗಿಷ್ಟಿಕೆ. ಅದರ ಕಾವು ಉಪಾಧ್ಯಾಯರ ಮೇಜಿಗೆ ತಲುಪುವಷ್ಟು ಹಿಂದಿನ ಸಾಲಿನವರಿಗೆ ತಲುಪುತ್ತಿರಲಿಲ್ಲ. ಮಳೆಯಲ್ಲಿ ಎರಡು ಮೂರು ಮೈಲಿ ನಡೆದು ಬಂದ ಮಕ್ಕಳು ಒದ್ದೆ ಬಟ್ಟೆಯಲ್ಲಿಯೇ ಕುಳಿತಿರಬೇಕು. ಚಿಕ್ಕವರಿಗೆ ಮೆಟ್ಟಲು ಮೆಟ್ಟಲಾಗಿ ಏರುವ ಹಲಗೆಯ ಪೀಠಗಳು. ಬೆಳಿಗ್ಗೆ ಪ್ರಾರ್ಥನೆ, ಬಳಿಕ ಹಾಜರಿ, ಬಳಿಕ ಓದು, ಬರಹ, ಲೆಕ್ಕ. ಬರೆಯಲು ಸ್ಲೇಟು, ಒರೆಸಲು ಉಗುಳು ಮತ್ತು ಅಂಗಿಯ ತೋಳು. ಈ ಒಂದು ಶಾಸ್ತ್ರದಲ್ಲಿ ನಮ್ಮ ಮಕ್ಕಳಿಗೂ ಅವರಿಗೂ ಯಾವ ಭೇದವೂ ಇರಲಿಲ್ಲ. ಎಡಗೈಯಲ್ಲಿ ಬರೆಯಹೋದವನ ಕೈಗೆ ಪೆಟ್ಟು ಬೀಳುತ್ತಿದ್ದಿತು. ಹೆಣ್ಣುಮಕ್ಕಳಿಗೆ ಮಧ್ಯಾಹ್ನ ಹೊಲಿಗೆ. ಆ ಹೊತ್ತಿನಲ್ಲಿ ಗಂಡುಮಕ್ಕಳು ಇನ್ನಷ್ಟು ಲೆಕ್ಕ ಮಾಡುತ್ತಿದ್ದರು. ಆಮೇಲೆ ಹುಡುಗಿಯರಿಗೆ ಸ್ವಭಾವತಃ ಲೆಕ್ಕ ಬಾರದೆಂದು ಹಿರಿಯರು ತೀರ್ಮಾನಿಸುತ್ತಿದ್ದರು!

ಒಬ್ಬ ಉಪಾಧ್ಯಾಯನು ಅರುವತ್ತು ಎಪ್ಪತ್ತು ಮಕ್ಕಳಿಗೆ ಹೇಗೆ ಪಾಠ ಹೇಳಿದನೆಂದು ವಾಚಕರು ಕೇಳಬಹುದು. ಈ ಪ್ರಶ್ನೆಗೆ ಶತಮಾನದ ಆರಂಭದಲ್ಲಿ ಅವರಿಗೆ ದೊರೆತಿದ್ದ ಉತ್ತರವು ನಮ್ಮ ಕಡೆಯಿಂದಲೇ ಹೋದದ್ದು. ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು ಮದರಾಸಿನ ಎಗ್ಮೋರಿನಲ್ಲಿ ಸಿಪಾಯಿಗಳ ಅನಾಥ ಬಾಲಕರ ಆಶ್ರಮವನ್ನು ನೋಡಿಕೊಳ್ಳುತ್ತಿದ್ದನು. ಒಂದು ಮುಂಜಾನೆ ಕುದುರೆಯೇರಿ ಹೋಗುತ್ತಿದ್ದಾಗ, ಊರಮಕ್ಕಳು ನೆಲದ ಮೇಲೆ ಕುಳಿತು ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡನು. ನಮ್ಮ ಕೂಲಿಮಠಗಳಲ್ಲಿ ಅಯ್ಯಗಳು ಮರಳ ಮೇಲೆ ಓಂನಾಮ ತಿದ್ದಿಸುತ್ತಿದ್ದ ಪದ್ಧತಿಯೇ ಅದು. ಬೆಲ್ಲನ ಕೈಕೆಳಗಿನ ಉಪಾಧ್ಯಾಯರು ಇದನ್ನು ಒಪ್ಪಲಿಲ್ಲವಾಗಿ ಅವನು ಸುಮಾರು ಎಂಟು ವರ್ಷದ ಒಬ್ಬ ಹುಡುಗನನ್ನೇ ಚಿಕ್ಕವರಿಗೆ ಪಾಠ ಹೇಳಲು ನಿಲ್ಲಿಸಿದನು. ಆ ಪ್ರಯೋಗವು ಫಲಿಸಿತು. 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿಯು ಅಚ್ಚಾಯಿತು. ದೊಡ್ಡ ಹುಡುಗನು ಚಿಕ್ಕವನಿಗೆ ಹೇಳಿಕೊಡುವ ಈ ಕ್ರಮವು 'ಮದರಾಸು ಪದ್ಧತಿ'ಯೆಂಬ ಹೆಸರಿನಲ್ಲಿ ಆಂಗ್ಲ ಚರ್ಚಿನ ಶಾಲೆಗಳಲ್ಲೆಲ್ಲ ಹಬ್ಬಿತು. ಜೋಸೆಫ್ ಲ್ಯಾಂಕಾಸ್ಟರನು ಇಂತಹುದೇ ಕ್ರಮವನ್ನು ಬೇರೆ ಕ್ರೈಸ್ತ ಪಂಥದವರ ಶಾಲೆಗಳಲ್ಲಿ ಹರಡಿದನು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಪಟ್ಟಣದಲ್ಲಿ ಬೆಲ್ಲನ ಹಣದಿಂದ ಸ್ಥಾಪಿತವಾದ ವಿದ್ಯಾಲಯಕ್ಕೆ ಇಂದಿಗೂ 'ಮದರಾಸು ಕಾಲೇಜು' ಎಂದೇ ಹೆಸರು. ಮರಳಿನಲ್ಲಿ ತಿದ್ದುತ್ತಿದ್ದ ಮಕ್ಕಳ ಹೆಸರು ಯಾರಿಗೂ ತಿಳಿಯದು.

ಮಕ್ಕಳಿಂದ ಮಕ್ಕಳಿಗೆ ದೊರೆಯುವ ವಿದ್ಯೆಗೆ ಒಂದು ಮಿತಿಯುಂಟಷ್ಟೆ. 1846ರಿಂದ ಹದಿಮೂರು ವರ್ಷ ತುಂಬಿದ ಬಾಲಕ ಬಾಲಿಕೆಯರನ್ನು ಐದು ವರ್ಷಗಳ ಒಪ್ಪಂದದ ಮೇಲೆ ಶಾಲೆಯಲ್ಲಿಯೇ ಅಭ್ಯಾಸಿಗಳಾಗಿ ನೇಮಿಸತೊಡಗಿದರು. ಮೊದಲನೆಯ ವರ್ಷಕ್ಕೆ 10 ಪೌಂಡು ಸಂಬಳ. ಏರುತ್ತಾ 20 ಪೌಂಡಿನವರೆಗೆ. ಹಗಲೆಲ್ಲ ಮಕ್ಕಳಿಗೆ ಪಾಠ ಹೇಳಿ, ಶಾಲೆಯ ಹೊತ್ತು ಕಳೆದ ಮೇಲೆ ತಾವು ಮುಖ್ಯೋಪಾಧ್ಯಾಯರಿಂದ ಪಾಠ ಕೇಳಬೇಕು. ಕಷ್ಟವೇ ಆದರೂ ಬಡವರ ಮನೆಯ ಬುದ್ಧಿವಂತ ಹುಡುಗಿಯೊಬ್ಬಳು ಮನೆಗೆಲಸದ ಆಳಾಗುವುದನ್ನು ತಪ್ಪಿಸಿಕೊಳ್ಳಲು ಇದ್ದ ಕೆಲವೇ ಬಾಗಿಲುಗಳಲ್ಲಿ ಇದೂ ಒಂದಾಗಿದ್ದಿತು.

ಶಾಲೆಗೆ ಬರುವುದೇ ಒಂದು ಸಾಹಸವಾಗಿದ್ದಿತೆಂಬುದನ್ನು ಮರೆಯಲಾಗದು. ವಾರಕ್ಕೆ ಒಂದು ಪೆನ್ನಿಯಿಂದ ನಾಲ್ಕು ಪೆನ್ನಿಯವರೆಗೆ ಶುಲ್ಕವನ್ನು ಸೋಮವಾರ ಬೆಳಿಗ್ಗೆ ಕೈಯಲ್ಲಿ ಹಿಡಿದು ತರಬೇಕು. ಮೂವರು ಮಕ್ಕಳಿದ್ದ ಕೂಲಿಯವನಿಗೆ ಅದು ಹಗುರವಾದ ಹೊರೆಯಲ್ಲ. ಸುಗ್ಗಿಯ ಕಾಲದಲ್ಲಿ ಹಳ್ಳಿಯ ಶಾಲೆಯು ಬರಿದಾಗುತ್ತಿತ್ತು. ಗಿರಣಿಯ ಊರುಗಳಲ್ಲಿಯಾದರೋ ಅರ್ಧ ದಿನದ ಮಕ್ಕಳೆಂಬ ಒಂದು ಪಂಗಡವೇ ಇದ್ದಿತು. 1844ರ ಕಾನೂನಿನಂತೆ ಎಂಟು ವರ್ಷದ ಮಗುವು ಬಟ್ಟೆಯ ಗಿರಣಿಯಲ್ಲಿ ದಿನಕ್ಕೆ ಆರೂವರೆ ಗಂಟೆ ದುಡಿಯಬಹುದು. ಉಳಿದ ಹೊತ್ತಿನಲ್ಲಿ ಮೂರು ಗಂಟೆ ಶಾಲೆ. ನಸುಕಿನಲ್ಲಿ ಎದ್ದು ಯಂತ್ರದ ಮುಂದೆ ನಿಂತ ಮಗು ಮಧ್ಯಾಹ್ನ ಶಾಲೆಯ ಬೆಂಚಿನ ಮೇಲೆ ನಿದ್ದೆ ಹೋಗುತ್ತಿದ್ದಿತು. ಎಬ್ಬಿಸಲು ಮನಸ್ಸು ಬಾರದ ಉಪಾಧ್ಯಾಯರೂ ಇದ್ದಿರಬೇಕು. ಎಲ್ಲರೂ ಕಲ್ಲೆದೆಯವರೆಂದು ನಾವು ನಂಬಲಾರೆವು.

ಇನ್ನು ಮುಖ್ಯವಾದ ಸಂಗತಿಗೆ ಬರುವೆವು. 1862ರಲ್ಲಿ ರಾಬರ್ಟ್ ಲೋ ಎಂಬ ಮುತ್ಸದ್ದಿಯ ಕಾಲದಲ್ಲಿ ಶಾಲೆಗಳಿಗೆ ಒಂದು ಪರಿಷ್ಕೃತ ನಿಯಮಾವಳಿಯು ಜಾರಿಗೆ ಬಂದಿತು. ಸರಕಾರವು ಕೊಡುವ ಹಣಕ್ಕೆ ತಕ್ಕ ಫಲ ಕಾಣಬೇಕು, ಫಲ ಕಾಣದಿದ್ದರೆ ಹಣವಾದರೂ ಉಳಿಯಬೇಕು ಎಂಬುದು ಆತನ ವಾದ. ಅಂದಿನ ಲೆಕ್ಕದಲ್ಲಿ 12 ಪೆನ್ನಿಗೆ ಒಂದು ಷಿಲ್ಲಿಂಗು, 20 ಷಿಲ್ಲಿಂಗಿಗೆ ಒಂದು ಪೌಂಡು. ಆರು ವರ್ಷ ದಾಟಿದ ಮಕ್ಕಳಿಗೆ ಹಾಜರಿಯ ಸರಾಸರಿಯ ಮೇಲೆ ತಲೆಗೆ 4 ಷಿಲ್ಲಿಂಗು. ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರು ಬಂದು ಪರೀಕ್ಷಿಸಿದಾಗ ಓದು, ಬರಹ, ಲೆಕ್ಕ ಮೂರರಲ್ಲಿಯೂ ತೇರ್ಗಡೆಯಾದರೆ ಇನ್ನು 8 ಷಿಲ್ಲಿಂಗು. ಒಂದರಲ್ಲಿ ತಪ್ಪಿದರೆ 2 ಷಿಲ್ಲಿಂಗು 8 ಪೆನ್ನಿ ಕಡಿತ. ಮೊದಲನೆಯ ದರ್ಜೆಯವನು ಒಂದೊಂದು ಉಚ್ಚಾರದ ಚಿಕ್ಕ ಪದಗಳ ಕಥೆಯನ್ನು ಓದಿ, ಹೇಳಿದ ಅಕ್ಷರಗಳನ್ನೂ ಇಪ್ಪತ್ತರವರೆಗೆ ಅಂಕೆಗಳನ್ನೂ ಬರೆಯಬೇಕು. ಆರನೆಯ ದರ್ಜೆಯವನು ವೃತ್ತಪತ್ರಿಕೆಯ ಒಂದು ಭಾಗವನ್ನು ಓದಬೇಕು, ಅಂಗಡಿಯ ಪಟ್ಟಿಯನ್ನು ಲೆಕ್ಕ ಹಾಕಬೇಕು. ಕೇಳುವುದಕ್ಕೆ ಬಹು ನ್ಯಾಯವಾಗಿಯೇ ಇದೆ. ವರ್ತಕರಿಗಂತೂ ಇದಕ್ಕಿಂತ ಒಳ್ಳೆಯ ವ್ಯವಹಾರವು ಕಾಣದು.

ಶಾಲೆಯೊಳಗೆ ನಡೆದದ್ದೇನು? ಉಪಾಧ್ಯಾಯನ ಸಂಬಳವೂ ಬಹುಮಟ್ಟಿಗೆ ಈ ಹಣವನ್ನೇ ಅವಲಂಬಿಸಿದ್ದಿತು. ಭೂಗೋಳ, ಚರಿತ್ರೆಗಳಿಗೆ ಕಾಸು ಹುಟ್ಟದಾದ್ದರಿಂದ ಅವು ಮೂಲೆ ಸೇರಿದವು. ವರ್ಷವೆಲ್ಲ ಒಂದೇ ವಾಚನಪುಸ್ತಕವನ್ನು ಓದಿ ಓದಿ ಮಕ್ಕಳಿಗೆ ಅದು ಕಂಠಸ್ಥವಾಗಿ, ಪುಸ್ತಕವನ್ನು ನೋಡದೆಯೇ ಓದುವಂತಾಯಿತು. ಪರೀಕ್ಷೆಗೆ ಗೈರುಹಾಜರಾದ ಮಗುವಿನಿಂದ ಹಣ ಬಾರದು. ಆದಕಾರಣ ಜ್ವರ ಬಂದ ಮಕ್ಕಳನ್ನೂ ಹೊದ್ದಿಸಿ ಕರೆತರುತ್ತಿದ್ದುದುಂಟು. ಜಾಣ ಹುಡುಗನು ಹೇಗೂ ತೇರ್ಗಡೆಯಾಗುವನೆಂದು ಅವನನ್ನು ಕೇಳುವವರಿಲ್ಲ. ಮಂದಬುದ್ಧಿಯವನ ಮೇಲೆ ಬೆತ್ತದ ಮಳೆ. ಒಂದು ಮಗುವಿನ ತಪ್ಪು ಲೆಕ್ಕವೆಂದರೆ ಮುಖ್ಯೋಪಾಧ್ಯಾಯನ ಮನೆಯ ರೊಟ್ಟಿಯಲ್ಲಿ ಒಂದು ತುಂಡು ಕಡಿಮೆಯಾದಂತೆ. ನಿಯಮ ಬರುವ ಹೊತ್ತಿಗೆ ಸುಮಾರು 8 ಲಕ್ಷ 13 ಸಾವಿರ ಪೌಂಡುಗಳಷ್ಟಿದ್ದ ಸರಕಾರದ ಸಹಾಯವು 1865ರಲ್ಲಿ ಸುಮಾರು 6 ಲಕ್ಷ 37 ಸಾವಿರಕ್ಕೆ ಇಳಿಯಿತು. ಲೋ ಮಹಾಶಯನ ಉಳಿತಾಯವಂತೂ ಕೈಗೂಡಿತು.

ಕವಿಯಾದ ಮ್ಯಾಥ್ಯೂ ಆರ್ನಾಲ್ಡನು 1851ರಿಂದ 1886ರವರೆಗೆ ಇಂತಹ ಶಾಲೆಗಳ ಇನ್‌ಸ್ಪೆಕ್ಟರಾಗಿದ್ದನು. ಈ ಪದ್ಧತಿಯು ಶಾಲೆಯನ್ನು ಯಂತ್ರವನ್ನಾಗಿ ಮಾಡಿತೆಂದು, ತನ್ನ ಮೇಲಧಿಕಾರಿಗಳಿಗೆ ಹಿತವಾಗದಿದ್ದರೂ, ಬರೆಯುತ್ತಲೇ ಬಂದನು. ಫಲಕ್ಕೆ ತಕ್ಕ ಹಣವೆಂಬ ಈ ಕ್ರಮವು ಸಮುದ್ರವನ್ನು ದಾಟಿ ಮದರಾಸು ಆಧಿಪತ್ಯಕ್ಕೂ ಬಂದಿತು. ಅಂದು ನಮ್ಮ ದಕ್ಷಿಣ ಕನ್ನಡವು ಆ ಆಧಿಪತ್ಯಕ್ಕೆ ಸೇರಿದ್ದಿತು. ನಮ್ಮಿಂದ ಮರಳಿನ ಬರಹವು ಅಲ್ಲಿಗೆ ಹೋಯಿತು, ಅಲ್ಲಿಂದ ಷಿಲ್ಲಿಂಗಿನ ಲೆಕ್ಕವು ನಮ್ಮಲ್ಲಿಗೆ ಬಂದಿತು.

ಕಾಳಿದಾಸನ 'ಮಾಲವಿಕಾಗ್ನಿಮಿತ್ರ'ವನ್ನು ಓದಿದವರಿಗೆ ಒಂದು ಪ್ರಸಂಗವು ನೆನಪಿರಬಹುದು. ಇಬ್ಬರು ನಾಟ್ಯಾಚಾರ್ಯರಲ್ಲಿ ಯಾರು ಮೇಲೆಂಬ ವಿವಾದ ಹುಟ್ಟಿ, ಅವರ ಶಿಷ್ಯೆಯರ ಅಭಿನಯದಿಂದಲೇ ಗುರುಗಳ ಯೋಗ್ಯತೆಯನ್ನು ನಿರ್ಣಯಿಸಬೇಕೆಂದಾಗುತ್ತದೆ. ಆ ಆಚಾರ್ಯರಲ್ಲೊಬ್ಬನಾದ ಗಣದಾಸನೇ, ಹೊಟ್ಟೆಪಾಡಿಗೆಂದು ಮಾತ್ರ ವಿದ್ಯೆಯನ್ನಿಟ್ಟುಕೊಂಡವನು ಬರಿಯ ವ್ಯಾಪಾರಿಯೆಂಬ ಅರ್ಥದ ಮಾತನ್ನಾಡುತ್ತಾನೆ. ಈ ನಾಟಕವನ್ನು ನಾವು ಎಷ್ಟೋ ಸಲ ಪಾಠ ಹೇಳಿದ್ದುಂಟು, ಆ ಮಾತಿಗೆ ತಲೆದೂಗಿದ್ದೂ ಉಂಟು. ಆದರೂ ನಮ್ಮ ನಡತೆ ಹೇಗಿದ್ದಿತೆಂಬುದನ್ನು ಈಗ ಹೇಳಿಬಿಡುವೆವು.

ನಾವು ಕೆಲಸಕ್ಕೆ ಸೇರಿದ ಮೂರನೆಯ ವರ್ಷ, ಒಂದು ಹಳ್ಳಿಯ ಶಾಲೆಯಲ್ಲಿದ್ದೆವು. ಇನ್‌ಸ್ಪೆಕ್ಟರು ತಪಾಸಣೆಗೆ ಬರುವರೆಂದು ಹಿಂದಿನ ದಿನ ತಿಳಿಯಿತು. ನಾಲ್ಕನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಒತ್ತಕ್ಷರ ಬಂದಲ್ಲಿ ನಿಂತುಬಿಡುವನು, ಕೂಡುವ ಲೆಕ್ಕವನ್ನೂ ಬೆರಳೆಣಿಸಿಯೇ ಮಾಡುವನು. ಸಂಜೆ ಅವನನ್ನು ಹತ್ತಿರ ಕರೆದು, 'ನಾಳೆ ನೀನು ಬರಬೇಡವಪ್ಪ, ಮನೆಯಲ್ಲಿಯೇ ಇರು' ಎಂದೆವು. ನಮ್ಮ ಸಂಬಳದಲ್ಲಿ ಒಂದು ಕಾಸೂ ಕಡಿಮೆಯಾಗುತ್ತಿರಲಿಲ್ಲ. ಹಾಗೆ ಮಾಡೆಂದು ಯಾರೂ ನಮಗೆ ಹೇಳಿರಲಿಲ್ಲ. ಮರುದಿನ ತಪಾಸಣೆಯು ಸಾಂಗವಾಗಿ ಮುಗಿಯಿತು. ಸಾಹೇಬರು ಸಂತೋಷದಿಂದ ಷರಾ ಬರೆದು ಹೋದರು. ನಾವು ಅವರನ್ನು ಬೀಳ್ಕೊಟ್ಟು ಹಿಂದಿರುಗುವಾಗ ಶಾಲೆಯ ಗೋಡೆಯಾಚೆಯ ಹೊಂಗೆಯ ಮರದ ಕೆಳಗೆ ಅವನು ನಿಂತಿದ್ದನು. ಒಗೆದ ಅಂಗಿ ತೊಟ್ಟಿದ್ದನು, ತಲೆಗೆ ಎಣ್ಣೆ ಹಚ್ಚಿ ಬಾಚಿತ್ತು. 'ಅವರು ಹೋದರಾ ಮೇಷ್ಟ್ರೇ? ಈಗ ಒಳಗೆ ಬರಲಾ?' ಎಂದನು.

ಇದನ್ನು ಅನುಭವಿಸಿದ ನಾವು ಅರ್ಧ ಹೊಟ್ಟೆಯ ಸಂಬಳದ ಭಯದಲ್ಲಿ ಬೆತ್ತವೆತ್ತಿದ ಆ ಇಂಗ್ಲಿಷು ಮೇಷ್ಟರನ್ನು ಮನಸ್ಸು ಬಂದಂತೆ ನಿಂದಿಸಲಾರೆವು.

ಆ ಕಾಲವು ಒಳ್ಳೆಯದನ್ನೂ ಮಾಡಲಿಲ್ಲವೆಂದಲ್ಲ. 1870ರ ಕಾನೂನಿನಿಂದ ಶಾಲೆಯಿಲ್ಲದ ಕಡೆ ಶಾಲೆ ಕಟ್ಟಿಸುವ ಮಂಡಲಿಗಳು ಹುಟ್ಟಿದವು. 1880ರಲ್ಲಿ ಹತ್ತು ವರ್ಷದವರೆಗೆ ಶಾಲೆಯು ಕಡ್ಡಾಯವಾಯಿತು. 1893ರಲ್ಲಿ ಆ ವಯಸ್ಸು ಹನ್ನೊಂದಕ್ಕೂ 1899ರಲ್ಲಿ ಹನ್ನೆರಡಕ್ಕೂ ಏರಿತು. 1891ರಿಂದ ಸೋಮವಾರದ ಪೆನ್ನಿಯು ಬಹುತೇಕ ಶಾಲೆಗಳಲ್ಲಿ ನಿಂತಿತು. ಫಲಕ್ಕೆ ತಕ್ಕ ಹಣದ ಪದ್ಧತಿಯನ್ನು 1890ರಿಂದ ಸಡಿಲಿಸುತ್ತಾ ಬಂದು, ರಾಣಿಯು ಬದುಕಿರುವಾಗಲೇ ಕೈಬಿಟ್ಟರು. ಅರ್ಧ ದಿನದ ಗಿರಣಿ ಕೆಲಸವಾದರೋ 1918ರ ಕಾನೂನು ಜಾರಿಗೆ ಬರುವವರೆಗೂ ಉಳಿದಿದ್ದಿತು. ಬೆತ್ತವು ಇನ್ನೂ ಗಟ್ಟಿ: ಆ ದೇಶದ ಸರಕಾರಿ ಶಾಲೆಗಳಿಂದ ಅದು ಹೊರಬಿದ್ದದ್ದು 1987ರಲ್ಲಿ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯಿದೆಯು ಅದನ್ನು ನಿಷೇಧಿಸಿದೆ.

ಆ ಶಾಲೆಗಳ ದಾಖಲೆ ಪುಸ್ತಕಗಳಲ್ಲಿ ಎಷ್ಟೋ ಅಲ್ಲಿನ ಜಿಲ್ಲೆಗಳ ದಫ್ತರಖಾನೆಗಳಲ್ಲಿ ಈಗಲೂ ಭದ್ರವಾಗಿವೆ. ಜನರು ತಮ್ಮ ಮುತ್ತಜ್ಜ ಮುತ್ತಜ್ಜಿಯರ ಹೆಸರನ್ನು ಹುಡುಕುತ್ತಾ ಬರುತ್ತಾರಂತೆ. ಮಗುವಿನ ಹೆಸರು, ಹುಟ್ಟಿದ ದಿನ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ ಎಂದು ಸಾಲಾಗಿ ಗೆರೆ ಎಳೆದಿರುತ್ತದೆ. ನಿಗದಿಯಾದ ದರ್ಜೆಯನ್ನು ಬೇಗ ಮುಗಿಸಿದ ಮಗುವಿಗೆ ಬೇಗ ಶಾಲೆ ಬಿಡಲು ಅಪ್ಪಣೆ ಸಿಕ್ಕುತ್ತಿದ್ದುದರಿಂದ ಬಡವರ ಮನೆಯ ಜಾಣಮಕ್ಕಳೇ ಎಷ್ಟೋ ಸಲ ಮೊದಲು ಹೊರಗೆ ಹೋದರು. ಅವರ ಹೆಸರಿನ ಮುಂದೆ, ಕಾರಣದ ಸಾಲಿನಲ್ಲಿ, 'ಕೆಲಸಕ್ಕೆ ಹೋದನು' ಎಂದಷ್ಟೇ ಬರೆದಿರುತ್ತದೆ.