ಹಿತ್ತಲ ಪರಂಗಿಯಿಂದ ಇನ್ಸುಲಿನ್‌ವರೆಗೆ

ಶಿರಾಳಕೊಪ್ಪದಿಂದ ಆನವಟ್ಟಿಯವರೆಗೆ ಯಾವ ಊರಿಗೆ ಹೋದರೂ ಯಾರದಾದರೂ ಹಿತ್ತಲಲ್ಲಿ ಪರಂಗಿ ಗಿಡ ಇದ್ದೇ ಇರುತ್ತದೆ. ಎಳೆಕಾಯಿಗೆ ಉಗುರು ತಾಗಿದರೆ ಸಾಕು, ಬಿಳಿ ಹಾಲು ಒಸರುತ್ತದೆ. ಮಾಂಸ ಬೇಗ ಬೇಯಲೆಂದು ಆ ಕಾಯಿಯ ಹೋಳನ್ನು ಪಾತ್ರೆಗೆ ಹಾಕುವವರಿದ್ದಾರೆ. ಹಾಲಿನಲ್ಲಿರುವ ಪಪೈನ್ ಎಂಬ ಕಿಣ್ವ ಮಾಂಸವನ್ನು ಮೆದುಗೊಳಿಸುತ್ತದೆ. ಆ ಕಿಣ್ವವನ್ನು ತಯಾರಿಸಿ ಮಾರುತ್ತ ಬೆಳೆದ ಸಂಸ್ಥೆಯೇ ಬೆಂಗಳೂರಿನ ಬಯೋಕಾನ್. 1978ರಲ್ಲಿ ಅದನ್ನು ಕಟ್ಟಿದಾಗ ಕಿರಣ್ ಮಜುಂದಾರ್ ಅವರಿಗೆ 25 ವರ್ಷ.

ಪಿಯುಸಿ ಫಲಿತಾಂಶ ಬಂದಾಗ ಸೊರಬ, ಶಿಕಾರಿಪುರದ ಮನೆಗಳಲ್ಲಿ ಮೊದಲು ಕೇಳುವುದು ಮೆಡಿಕಲ್ ಸೀಟಿನ ಮಾತು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಕಿರಣ್ ಅವರಿಗೂ ಡಾಕ್ಟರಾಗುವ ಆಸೆಯಿತ್ತು. ಅದು ಕೈಗೂಡಲಿಲ್ಲ. ಪ್ರಾಣಿಶಾಸ್ತ್ರ ಓದಿ 1973ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಬಿಎಸ್ಸಿ ಪದವಿ ಪಡೆದರು. ಬಿಯರ್ ತಯಾರಿಕೆಯಲ್ಲಿ ಪರಿಣತರಾಗಿದ್ದ ತಂದೆ ರಸೇಂದ್ರ ಮಜುಂದಾರ್, ನೀನೂ ಈ ವಿದ್ಯೆ ಕಲಿ ಎಂದರು. ಕಿರಣ್ ಆಸ್ಟ್ರೇಲಿಯಾದ ಬಲ್ಲಾರಟ್‌ನಲ್ಲಿ ಅದನ್ನು ಓದಿದರು. ತರಗತಿಗೆ ಒಬ್ಬಳೇ ಹುಡುಗಿ, ಮೊದಲ ಸ್ಥಾನವೂ ಅವಳದೇ. ಊರಿಗೆ ಮರಳಿ ಬಿಯರ್ ಕಾರ್ಖಾನೆಗಳಲ್ಲಿ ಕೆಲಸ ಕೇಳಿದಾಗ ಸಿಕ್ಕ ಉತ್ತರ ಮಾತ್ರ, ಇದು ಗಂಡಸರ ಕೆಲಸ ಎಂದು.

ಅವರು ಕಲಿತು ಬಂದದ್ದು ಹುದುಗಿನ ವಿಜ್ಞಾನ. ರಾತ್ರಿ ರುಬ್ಬಿಟ್ಟ ದೋಸೆಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬುವುದು ಸೂಕ್ಷ್ಮಜೀವಿಗಳಿಂದ. ಯಾವ ಜೀವಿಗೆ ಯಾವ ಆಹಾರ, ಎಷ್ಟು ಶಾಖ, ಎಷ್ಟು ಹೊತ್ತು ಎಂದು ಬಲ್ಲವರು ಅದರಿಂದ ಬೇಕಾದ್ದನ್ನು ಮಾಡಿಸಿಕೊಳ್ಳಬಲ್ಲರು.

ಐರ್ಲೆಂಡಿನ ಉದ್ಯಮಿ ಲೆಸ್ಲಿ ಆಕಿನ್‌ಕ್ಲಾಸ್ ಈ ವಿದ್ಯೆಗೆ ಬೆಲೆ ಕೊಟ್ಟು ಪಾಲುದಾರರಾದರು. ಬಾಡಿಗೆ ಮನೆಯ ಗ್ಯಾರೇಜಿನಲ್ಲಿ, 10,000 ರೂಪಾಯಿ ಬಂಡವಾಳದಲ್ಲಿ ಕೆಲಸ ಶುರುವಾಯಿತು. ಹೆಣ್ಣುಮಗಳು, ಚಿಕ್ಕ ವಯಸ್ಸು, ಯಾರೂ ಕೇಳರಿಯದ ಉದ್ಯಮ. ಸಾಲ ಕೊಡಲು ಬ್ಯಾಂಕುಗಳು ಹಿಂಜರಿದವು. ಪಪೈನ್ ಜೊತೆಗೆ ಮೀನಿನ ಗಾಳಿಚೀಲದಿಂದ ಐಸಿಂಗ್ಲಾಸ್ ಎಂಬ ವಸ್ತುವನ್ನೂ ತಯಾರಿಸಿದರು. ಎರಡೂ ಬಿಯರ್ ತಿಳಿಯಾಗಿಸಲು ಬೇಕಾದವು. ವರ್ಷ ತುಂಬುವುದರೊಳಗೆ ಸರಕು ಅಮೆರಿಕ, ಯುರೋಪ್ ತಲುಪಿತ್ತು.

ಮುಂದಿನ ಹೆಜ್ಜೆ ಔಷಧದತ್ತ. ಹಿಂದೆ ಇನ್ಸುಲಿನ್‌ಅನ್ನು ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. ಆಮೇಲೆ ಮನುಷ್ಯರ ಇನ್ಸುಲಿನ್ ವಂಶವಾಹಿಯನ್ನು ಸೂಕ್ಷ್ಮಜೀವಿಯೊಳಗೆ ಸೇರಿಸಿ, ದೊಡ್ಡ ತೊಟ್ಟಿಗಳಲ್ಲಿ ಅದನ್ನು ಬೆಳೆಸಿ ಇನ್ಸುಲಿನ್ ಪಡೆಯುವ ವಿಧಾನ ಬಂತು. ಬಯೋಕಾನ್ ಈ ಕೆಲಸಕ್ಕೆ ಪಿಕಿಯಾ ಎಂಬ ಯೀಸ್ಟನ್ನು ಪಳಗಿಸಿ 2004ರಲ್ಲಿ ಇನ್ಸುಜೆನ್ ಎಂಬ ಇನ್ಸುಲಿನ್ ಬಿಡುಗಡೆ ಮಾಡಿತು. ಅದೇ ವರ್ಷ ಕಂಪನಿ ಷೇರುಪೇಟೆಗೂ ಬಂತು. 1989ರಲ್ಲಿ ಪದ್ಮಶ್ರೀ ಪಡೆದಿದ್ದ ಕಿರಣ್ ಮಜುಂದಾರ್ ಶಾ ಅವರಿಗೆ 2005ರಲ್ಲಿ ಪದ್ಮಭೂಷಣ ಸಂದಿತು. ಬಿಯರ್ ಕಾರ್ಖಾನೆಗಳು ಬೇಡವೆಂದ ವಿದ್ಯೆ ಸಕ್ಕರೆ ಕಾಯಿಲೆಯವರ ಸೂಜಿಮದ್ದಾಗಿತ್ತು.

ವಿದ್ಯೆಯೂ ಔಷಧವೂ ಒಂದೇ ಕಡೆ ಸಿಗುವುದು ನಮ್ಮ ನೆಲಕ್ಕೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯ ಮಠದಲ್ಲಿ ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತು, ರೋಗಿಗಳಿಗೆ ಮದ್ದೂ ಸಿಗುತ್ತಿತ್ತು ಎಂದು 1162ರ ಶಾಸನ ಹೇಳುತ್ತದೆ. ಇಂದು ನಮ್ಮ ಜಿಲ್ಲೆಯ ಶಂಕರಘಟ್ಟದಲ್ಲೇ, ಕುವೆಂಪು ವಿಶ್ವವಿದ್ಯಾಲಯದಲ್ಲಿ ಜೈವಿಕ ತಂತ್ರಜ್ಞಾನ ಕಲಿಯಬಹುದು. ಮೆಡಿಕಲ್ ಸೀಟು ತಪ್ಪಿದ ಮಗಳು ಬಿಎಸ್ಸಿಗೆ ಸೇರುತ್ತೇನೆ ಎಂದರೆ ಮುಖ ಸಣ್ಣ ಮಾಡಬೇಡಿ. ಮದ್ದು ಬರೆದುಕೊಡುವವರಷ್ಟೇ, ಮದ್ದು ಮಾಡುವವರೂ ನಮಗೆ ಬೇಕು.