ಕಂತಿನಲ್ಲಿ ಬಂದ ಬೆಳಕು

ಮಳೆಗಾಲದಲ್ಲಿ ಸಕಲೇಶಪುರದ ಕಡೆ ಮರ ಬಿದ್ದು ಕರೆಂಟ್ ತಂತಿ ಹರಿಯುವುದು ಹೊಸದೇನಲ್ಲ. ಅಲ್ಲಿನ, ಆಲೂರಿನ ಒಂಟಿಮನೆಗಳಲ್ಲಿ ಕತ್ತಲಾದರೆ ಓದು ನಿಲ್ಲುವುದಷ್ಟೇ ಅಲ್ಲ, ಅಂಗಳದಾಚೆ ಆನೆ ನಿಂತಿದೆಯೋ ಎಂದು ನೋಡಲೂ ಬೆಳಕು ಬೇಕು. ಲಾಟೀನಿನ ಗಾಜಿನ ಮಸಿ ಒರೆಸುವುದು ಯಾರ ಕೆಲಸವಾಗಿತ್ತು ಎಂದು ನಿಮ್ಮ ಅಜ್ಜಿಯನ್ನು ಕೇಳಿ ನೋಡಿ, ಮಕ್ಕಳೇ.

ಬಿಸಿಲಿಗೆ ದುಡ್ಡು ಕೊಡಬೇಕಿಲ್ಲ. ಆದರೆ ಅದನ್ನು ಹಿಡಿಯುವ ಪ್ಯಾನೆಲ್, ರಾತ್ರಿಗೆ ಕೂಡಿಡುವ ಬ್ಯಾಟರಿ, ಬಲ್ಬು ಎಲ್ಲಕ್ಕೂ ಒಮ್ಮೆಲೇ ಸಾವಿರಾರು ರೂಪಾಯಿ ಬೇಕು. ಸೀಮೆಎಣ್ಣೆಯನ್ನಾದರೆ ಅರ್ಧ ಲೀಟರ್ ತರಬಹುದು, ಅರ್ಧ ಪ್ಯಾನೆಲ್ ತರಲಾದೀತೆ?

ಈ ಗಂಟು ಬಿಡಿಸಲು ಹೊರಟವರಲ್ಲಿ ಎಂಜಿನಿಯರ್ ಹರೀಶ್ ಹಂದೆ ಒಬ್ಬರು. 1995ರಲ್ಲಿ ನೆವಿಲ್ ವಿಲಿಯಮ್ಸ್ ಜೊತೆ ಸೇರಿ ಅವರು ಕರ್ನಾಟಕದಲ್ಲಿ ಸೆಲ್ಕೋ ಸಂಸ್ಥೆ ಕಟ್ಟಿದರು. ಪ್ಯಾನೆಲ್ ಕೂರಿಸುವುದಕ್ಕಿಂತ ಬ್ಯಾಂಕಿನವರನ್ನು ಒಪ್ಪಿಸುವುದೇ ಕಷ್ಟದ ಕೆಲಸ. ಹಸುವಿಗೆ ಸಾಲ ಕೊಟ್ಟರೆ ಹಾಲು ಮಾರಿ ತೀರಿಸುತ್ತಾರೆ. ದೀಪ ಹಾಲು ಕೊಡುತ್ತದೆಯೇ? ಆದರೂ ಗ್ರಾಮೀಣ ಬ್ಯಾಂಕುಗಳು ಮುಂದೆ ಬಂದವು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ, ಸಿಂಡಿಕೇಟ್ ಬ್ಯಾಂಕುಗಳು ಕಡಿಮೆ ಬಡ್ಡಿಗೆ ಸೋಲಾರ್ ಸಾಲ ಕೊಡತೊಡಗಿದವು. ಅಡವಿಡಲು ಏನೂ ಇಲ್ಲದವರಿಗೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಘಗಳಂಥವು ಆಸರೆಯಾದವು. ಸಂಘದಲ್ಲಿ ಒಬ್ಬರಿಗೆ ಇನ್ನೊಬ್ಬರೇ ಜಾಮೀನು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನೆರೆಯ ಬಾಂಗ್ಲಾದೇಶದಲ್ಲೂ 1996ರಲ್ಲಿ ಶುರುವಾದ ಗ್ರಾಮೀಣ್ ಶಕ್ತಿ ಸಂಸ್ಥೆ ಲಕ್ಷಾಂತರ ಮನೆಗಳಿಗೆ ಹೀಗೇ ಕಂತಿನಲ್ಲಿ ದೀಪ ಕೊಟ್ಟಿತು.

ಹಂದೆಯವರು ಹೇಳುವ ಒಂದು ಪ್ರಸಂಗವಿದೆ. ತಿಂಗಳಿಗೆ 300 ರೂಪಾಯಿ ಕೊಡುವುದು ಕಷ್ಟ, ದಿನಕ್ಕೆ 10 ರೂಪಾಯಿಯಾದರೆ ಕೊಡಬಹುದು ಎಂದು ಬೀದಿ ಬದಿಯ ವ್ಯಾಪಾರಿಯೊಬ್ಬರು ಅವರಿಗೆ ಹೇಳಿದರಂತೆ. ಲೆಕ್ಕ ಹಾಕಿ ನೋಡಿ, ಎರಡೂ ಒಂದೇ! ಆದರೆ ದಿನವೂ ದುಡಿದು ದಿನವೂ ಖರ್ಚು ಮಾಡುವವರ ಕೈಯಲ್ಲಿ ತಿಂಗಳ ಕೊನೆಗೆ 300 ಉಳಿದಿರುವುದಿಲ್ಲ.

ನಮ್ಮ ಕಾಫಿ ಸೀಮೆಯ ಲೆಕ್ಕವೇ ಬೇರೆ. ಇಲ್ಲಿ ವಾರಕ್ಕೊಮ್ಮೆ ಬಟವಾಡೆ. ಹಣ್ಣು ಕೊಯ್ಯುವ ಕಾಲದಲ್ಲಿ ಕೈತುಂಬ ಕೆಲಸ, ಜಡಿಮಳೆಯಲ್ಲಿ ಕೆಲಸ ಕಡಿಮೆ. ಕಂತೂ ಹಾಗೆಯೇ ಹಿಗ್ಗಿ ಕುಗ್ಗಬೇಕು. ಮಳೆಗಾಲದಲ್ಲೂ ಅಷ್ಟೇ ಕಟ್ಟಿ ಎಂದು ಕೂತರೆ ಅದು ದೀಪದ ಸಾಲವಲ್ಲ, ತಲೆನೋವಿನ ಸಾಲ.

ಇನ್ನೊಂದು ತೊಡಕು ನೆರಳಿನದು. ಕಾಫಿಗೆ ಮರದ ನೆರಳು ಬೇಕು, ಪ್ಯಾನೆಲ್‌ಗೆ ಬೇಡ. ಹಾಗಾಗಿ ಮನೆಯ ಮಾಡಿಗಿಂತ ಕಾಫಿ ಒಣಗಿಸುವ ಕಣದ ಪಕ್ಕ ಕಂಬ ನೆಟ್ಟು ಕೂರಿಸುವುದು ಎಷ್ಟೋ ಕಡೆ ಮೇಲು. ಮೋಡ ಮುಸುಕಿದ ದಿನ ಬ್ಯಾಟರಿ ಪೂರ್ತಿ ತುಂಬುವುದಿಲ್ಲ, ಆಗ ಒಂದೇ ಬಲ್ಬು ಸಾಕು. ಪ್ಯಾನೆಲ್ ಮೇಲಿನ ಎಲೆ, ಪಾಚಿ ಒರೆಸುವ ಕೆಲಸವನ್ನು ಮೊಮ್ಮಕ್ಕಳಿಗೇ ಬಿಡಬಹುದು. ಬ್ಯಾಟರಿಗೆ ಬಾವಿ ನೀರು ಮಾತ್ರ ಹಾಕಬೇಡಿ. ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರನ್ನೇ ದೊಡ್ಡವರ ಕೈಯಲ್ಲಿ ಹಾಕಿಸಿ.